ತೊಡೆಯೊಳಗಿನ ಬಿದಿರು

ಬೇಲಿಗೆಂದು ಬಿದಿರು ಕಡಿಯುತ್ತಿದ್ದಾಗ, ಮೆಳೆಯೊಳಗೆ ಬಾಗಿ ಸಿಕ್ಕಿಕೊಂಡಿದ್ದ ಗಳವೊಂದು ನನ್ನ ಕತ್ತಿಯೇಟಿಗೆ ಬಿಡಿಸಿಕೊಂಡು ಚಿಮ್ಮಿತು. ಅದರ ಸೀಳಿದ ತುದಿ ಎಡತೊಡೆಗೆ ನುಗ್ಗಿತು. ಅರವತ್ತೇಳು ವರ್ಷದವಳು ನಾನು. ಬಸರೀಕಟ್ಟೆಯ ತೋಟಗಳಲ್ಲಿ ಕೂಲಿ ಮಾಡಿಯೇ ಮುದುಕಿಯಾದವಳು. ರಕ್ತ ನನಗೆ ಹೊಸದಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕೀಳುವಾಗ ಒಳಗೆ ಲಟಕ್ ಎಂದಿತು.

ಕೊಪ್ಪದ ಕ್ಲಿನಿಕ್ಕೊಂದರಲ್ಲಿ ಹೊಲಿಗೆ ಹಾಕಿಸಿಕೊಂಡೆ. "ಒಳಗೆ ಚೂರು ಉಳ್ಕೊಂಡಿದೆ ಡಾಕ್ಟ್ರೇ, ಮುರಿದಿದ್ದು ನಂಗೆ ಗೊತ್ತಾಯ್ತು" ಎಂದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದರು.

ಹತ್ತು ದಿನಕ್ಕೆ ಕೀವಾಯಿತು. ಮತ್ತೆ ಹೋದೆ. "ಶುಗರ್ ಇದೆ ಅಜ್ಜಿ, ಅದಕ್ಕೇ ಒಣಗ್ತಿಲ್ಲ. ಅನ್ನ ಕಡಿಮೆ ಮಾಡಿ" ಎಂದರು. ಪಕ್ಕದಲ್ಲಿದ್ದ ನರ್ಸ್, ನಲವತ್ತು ದಾಟಿದ ಹೆಂಗಸು, "ಸಾರ್, ಅವ್ರು ಎಂತದೋ ಚೂರು ಅಂತಿದಾರೆ" ಎಂದಳು. "ಎಕ್ಸ್‌ರೇ ನೋಡಿದೀನಲ್ಲ" ಎಂದು ಅವಳ ಬಾಯನ್ನೂ ಮುಚ್ಚಿಸಿದರು.

ಮನೆಯಲ್ಲಿ ನೋವು ತಡೆಯಲಾಗದೆ ಗೋಡೆಗೆ ಗುದ್ದುತ್ತಿದ್ದೆ. ಸಮಾಧಾನ ಹೇಳಲು ಬಂದ ತಂಗಿಯ ಮೇಲೆ ಬಿಸಿ ಚಹಾದ ಲೋಟ ಎಸೆದೆ. ಅವಳು ಮೂರು ದಿನ ಈ ಕಡೆ ಸುಳಿಯಲಿಲ್ಲ.

ಮೂರನೆಯ ಸಲ ಹೋದಾಗ ತೊಡೆ ಕುಂಬಳಕಾಯಿಯಂತೆ ಊದಿ ಬಿಗಿದಿತ್ತು. ಡಾಕ್ಟರು ಫೋನಿನಲ್ಲಿ ಯಾರೊಡನೆಯೋ ನಗುತ್ತಾ, ಗಾಯವನ್ನು ಹೆಬ್ಬೆರಳಿನಿಂದ ಒತ್ತಿದರು. ಚೀರಿದೆ. ಒತ್ತುತ್ತಲೇ ಇದ್ದರು.

"ಒಳಗೆ ಬಿದಿರಿದೆ ಮಾರಾಯ್ರೆ, ಒಂದ್ಸಲ ಕೇಳಿ!"

"ಅಜ್ಜಿ, ಡಾಕ್ಟ್ರು ನೀವಾ ನಾನಾ?"

ಎಡಗೈಯಲ್ಲಿ ಅವರ ಕಾಲರ್ ಹಿಡಿದೆ. ನಲವತ್ತು ವರ್ಷ ತೋಟದಲ್ಲಿ ದುಡಿದ ಕೈ, ಅವರಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಫೋನು ಬಿತ್ತು, ಅಂಗಿಯ ಗುಂಡಿಗಳು ಹಾರಿದವು. ಬಲಗೈಗೆ ಹತ್ತಿಯಿಟ್ಟಿದ್ದ ಗಾಜಿನ ಭರಣಿ ಸಿಕ್ಕಿತು. ಬೀಸಿದೆ. ಅಷ್ಟರಲ್ಲಿ ನರ್ಸ್ ನಡುವೆ ಬಂದಿದ್ದಳು. ಭರಣಿ ಅವಳ ಹಣೆಗೆ ಬಡಿದು ಒಡೆಯಿತು.

ಏಟು ಬಿದ್ದ ಆ ಕ್ಷಣ ನನಗೆ ಹಿತವೆನಿಸಿತು. ಅದನ್ನು ಮುಚ್ಚಿಡಲಾರೆ. ಯಾರಿಗೆ ಬಿತ್ತೆಂದು ಕಂಡದ್ದು ಆಮೇಲೆ. ಹುಬ್ಬಿನಿಂದ ಇಳಿದ ರಕ್ತ ಅವಳ ಬಾಯೊಳಗೆ ಹೋಗುತ್ತಿತ್ತು. ಅವಳು ಉಗುಳಿ, ಗೋಡೆ ಹಿಡಿದು ಕುಸಿದಳು.

ಪೊಲೀಸರು ಬಂದರು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ನರ್ಸ್, "ಹೊಡೆದಿದ್ದು ನಿಜ. ಆದ್ರೆ ಕೇಸ್ ಬೇಡ" ಎಂದಳು. ಡಾಕ್ಟರಿಗೂ ಊರಲ್ಲಿ ಸುದ್ದಿಯಾಗುವುದು ಬೇಕಿರಲಿಲ್ಲ. ಪೊಲೀಸರು ತಪ್ಪೊಪ್ಪಿಗೆ ಬರೆಸಿಕೊಂಡು ನನ್ನನ್ನು ಬಿಟ್ಟರು. ಹೊರಗೆ ಬಂದಾಗ ನರ್ಸೇ ಹೇಳಿದಳು: "ಎನ್.ಆರ್. ಪುರದಲ್ಲಿ ಸ್ಕ್ಯಾನ್ ಮಾಡೋರಿದಾರೆ. ನಾಳೆನೇ ಹೋಗಿ."

ಅಲ್ಲಿನ ಡಾಕ್ಟರಮ್ಮ, "ಎಲ್ಲಿ ಮುರೀತು, ಬೆರಳಿಟ್ಟು ತೋರಿಸಿ" ಎಂದರು. ತೋರಿಸಿದೆ. ಸ್ಕ್ಯಾನಿನಲ್ಲಿ ಅದೇ ಜಾಗದಲ್ಲಿ ಕಂಡಿತು. ಮರದ ಚೂರು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲವಂತೆ. ಕೊಯ್ದು ತೆಗೆದರು: ಕಿರುಬೆರಳುದ್ದದ ಕಪ್ಪು ಸಿಬಿರು.

ಕಾಲು ಊರುವಂತಾದ ಮೇಲೆ ನರ್ಸನ್ನು ನೋಡಲು ಕೊಪ್ಪಕ್ಕೆ ಹೋದೆ. ಕೈ ಮುಗಿದೆ.

"ಪಾಪ ಅನ್ನಿಸ್ತದೆ ನಿಮ್ಮನ್ನ ನೋಡಿದ್ರೆ. ಆದ್ರೆ ಆ ಏಟು ಮನಸ್ಸಿಂದ ಹೋಗಿಲ್ಲ" ಎಂದಳು. "ಯಾರಾದ್ರೂ ಕೈ ಎತ್ತಿದ್ರೆ ಸಾಕು, ಕಣ್ಣು ಮುಚ್ಕೊಳ್ತೀನಿ."

ಅಷ್ಟರಲ್ಲಿ ಡಾಕ್ಟರು ಹೊರಬಂದವರು ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. "ಇವ್ರನ್ನ ಯಾಕೆ ಒಳಗೆ ಬಿಟ್ರಿ?" ಎಂದು ಅವಳನ್ನು ಕೇಳಿದರು.

"ಬಿದಿರು ಸಿಕ್ತು ಡಾಕ್ಟ್ರೇ" ಎಂದೆ.

ಮಾತು ಮುಗಿಯುವ ಮುಂಚೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನನ್ನ ಮುಷ್ಟಿ ಬಿಗಿಯಿತು. ನರ್ಸ್ ಅದನ್ನು ನೋಡಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಮೆಟ್ಟಿಲಿಳಿಸಿ ರಸ್ತೆಗೆ ತರುವವರೆಗೂ ಬಿಡಲಿಲ್ಲ.