ನಡುಕದ ಮಾವ

ಗಣಿಯ ಕಂಪನ ಅಳೆಯುವ ಕೋಣೆಯಲ್ಲಿ ಕೂರುವ ತಂತ್ರಜ್ಞರನ್ನು ಎಲ್ಲರೂ ಕರೆಯುವುದು ನಡುಕದ ಮಾವ ಎಂದೇ. ಸುರಂಗಗಳ ಬಂಡೆಯಲ್ಲಿ ಹುದುಗಿಸಿದ ನಲವತ್ತು ಸಂವೇದಕಗಳ ಸುದ್ದಿ ಪರದೆಯ ಮೇಲೆ ಗೆರೆಗಳಾಗಿ ಕುಣಿದರೆ, ಮಾವ ಕುರ್ಚಿಯಲ್ಲೇ ಕುಣಿಯುತ್ತಾರೆ. "ಇದು ಸಿಡಿಮದ್ದು! ಇದು ಲಾರಿ! ಇದು ನೋಡ್ರೋ, ಬಂಡೆ ಮೈ ಮುರೀತಿರೋದು!" ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ "ಮೆಲ್ಲಗಪ್ಪಾ, ಭೂಮಿ ಬೆಚ್ಚಿಬೀಳುತ್ತೆ" ಎಂದು ಗದರುತ್ತಾರೆ. ಮನೆಯಲ್ಲಿ ಹೆಂಡತಿ ಪಾತ್ರೆ ಬೀಳಿಸಿದರೂ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುತ್ತಾರಂತೆ. ಗೆರೆ ಸ್ವಲ್ಪ ಹದ ತಪ್ಪಿದರೂ ಯಾರನ್ನೂ ಕೇಳದೆ ಸೈರನ್ ಒತ್ತಿ ಗಣಿ ಖಾಲಿ ಮಾಡಿಸುತ್ತಾರೆ. "ಈ ತಿಂಗಳಲ್ಲಿ ಮೂರನೇ ಸಲ ಕಣ್ರೀ, ಒಂದು ಕಲ್ಲಾದ್ರೂ ಬಿತ್ತಾ?" ಎಂದು ಮ್ಯಾನೇಜರ್ ಕೂಗಾಡಿದರೆ, "ಬಿದ್ಮೇಲೆ ಹೇಳೋಕೆ ನಾನ್ಯಾಕೆ ಬೇಕು ಸಾರ್?" ಎನ್ನುತ್ತಾರೆ. ಸಂವೇದಕದ ಹತ್ತಿರ ಯಾರೂ ಬಂಡೆ ಕುಟ್ಟಬಾರದೆಂಬ ಕಟ್ಟುನಿಟ್ಟಿನ ನಿಯಮವೂ ಅವರದೇ. ಆದರೆ ಎಲ್ಲಕ್ಕಿಂತ ಕೆಳಗಿನ ಸುರಂಗದಲ್ಲಿ ಕೊರೆಯುವ ಯಂತ್ರ ನಡೆಸುವ ಅವರ ಮಗಳು, ಪಾಳಿ ಮುಗಿಸಿ ಮೇಲೆ ಹೊರಡುವಾಗ, ಸಂವೇದಕದ ಪಕ್ಕದ ಬಂಡೆಗೇ ಸುತ್ತಿಗೆಯಿಂದ ಮೂರು ಸಲ ಕುಟ್ಟುತ್ತಾಳೆ. ಪರದೆಯಲ್ಲಿ ಮೂರು ಪುಟ್ಟ ಮುಳ್ಳುಗಳು ಏಳುತ್ತವೆ. "ಹೊರಟ್ಳು!" ಎಂದು ಮಾವ ಎದ್ದು ನಿಂತೇಬಿಡುತ್ತಾರೆ. ಆಮೇಲೆ ಕೂತು, ದಾಖಲೆಯಲ್ಲಿ ಆ ಮೂರರ ಎದುರು 'ಕಾರಣ ತಿಳಿಯದು' ಎಂದು ದಿನವೂ ಬರೆಯುತ್ತಾರೆ.