ಎಡಗೈಯಲ್ಲಿ ಬರೆದ ಹೋಂವರ್ಕ್

ನನ್ನ ಮಗಳು ಕೊಟ್ಟೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯುಕೆಜಿ ಓದುತ್ತಿದ್ದ ವರ್ಷ, ದಿನಾ ನಾಲ್ಕು ಪುಟ ಹೋಂವರ್ಕ್ ಕೊಡುತ್ತಿದ್ದರು. ಐದು ವರ್ಷದ ಕೂಸು. ಮೊದಲ ಪುಟಕ್ಕೆ ಬಾಯಾರಿಕೆ, ಎರಡನೆಯದಕ್ಕೆ ಹೊಟ್ಟೆನೋವು, ಮೂರನೆಯದಕ್ಕೆ ನಿದ್ದೆ. ಒಂದು ಸಂಜೆ ಪೆನ್ಸಿಲ್ ಹಿಡಿದುಕೊಂಡೇ ನೋಟ್‌ಬುಕ್ಕಿನ ಮೇಲೆ ಮಲಗಿಬಿಟ್ಟಳು. ಎಬ್ಬಿಸಲು ಮನಸ್ಸಾಗಲಿಲ್ಲ. ಖಾಲಿ ಪುಟ ಕಳಿಸುವ ಧೈರ್ಯವೂ ಇರಲಿಲ್ಲ. ನಾನೇ ಬರೆಯಲು ಕುಳಿತೆ.

ಬಲಗೈಯಲ್ಲಿ ಬರೆದರೆ ಅಕ್ಷರ ದುಂಡಗಾಗಿ ಸಿಕ್ಕಿಬೀಳುತ್ತಿದ್ದೆ. ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡೆ. ಬೇಕಾದಷ್ಟೇ ಸೊಟ್ಟಗೆ ಬಂತು. ನೋಡುತ್ತಿದ್ದ ಗಂಡ, "ಎಸ್ ಅಕ್ಷರ ಉಲ್ಟಾ ಬರಿಯೇ, ಆಕಿ ಯಾವಾಗ್ಲೂ ಉಲ್ಟಾನ ಬರಿತಾಳ," ಎಂದರು. ಉಲ್ಟಾ ಬರೆದೆ.

ಹೀಗೆ ಎರಡು ತಿಂಗಳು ನಡೆಯಿತು. ಒಂದು ದಿನ ಡೈರಿಯಲ್ಲಿ ಕೆಂಪು ಶಾಯಿಯ ಸಾಲು ಬಂತು: ಪಾಲಕರು ಬಂದು ಕಾಣಬೇಕು.

ಮಗಳನ್ನು ಕರೆದುಕೊಂಡು ಹೋದೆ. ಅವಳ ಮಿಸ್ ನನ್ನನ್ನು ಮಕ್ಕಳ ಪುಟಾಣಿ ಬೆಂಚಿನ ಮೇಲೆ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅವರು ನೋಟ್‌ಬುಕ್ ಬಿಚ್ಚಿ, ನಾನು ಬರೆದ ಪುಟದ ಮೇಲೆ ಬೆರಳಿಟ್ಟರು.

"ನೋಡ್ರಿ, ಕ್ಲಾಸಿನ್ಯಾಗ ಚಲೋ ಬರಿತಾಳ. ಮನ್ಯಾಗ ಯಾಕ ಹಿಂಗ ಕೆಡ್ತೈತಿ? ಒಂದೀಟು ಕೂಡ್ರಿಸಿಕೊಂಡು ತಿದ್ದಸ್ರಿ."

ಬಿ.ಎ. ಮುಗಿಸುವ ತನಕ ನನ್ನ ಅಕ್ಷರವನ್ನು ಯಾರೂ ಹೀಗೆ ಆಡಿಕೊಂಡಿರಲಿಲ್ಲ. ಆದರೂ ತಲೆ ತಗ್ಗಿಸಿ, "ತಿದ್ದಸ್ತೀನ್ರಿ," ಎಂದೆ. ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಕನಿಕರ ಬಂತು.

"ಬೈಬ್ಯಾಡ್ರಿ ಮಿಸ್. ಅಮ್ಮ ಎಡಗೈಲೆ ಬರಿತಾಳ, ಪಾಪ."

ಎದ್ದು ಓಡೋಣವೆಂದರೆ ಬೆಂಚು ಬಿಡಲಿಲ್ಲ. ಮಿಸ್ ಮಗಳನ್ನು ಆಟಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿ ಬಂದರು.

"ಎಡಗೈ ನನಗ ಹೊಳೀಲೇ ಇಲ್ಲ ನೋಡ್ರಿ," ಎಂದರು ಮೆಲ್ಲಗೆ. "ನನ್ನ ಮಗನ ಹೋಂವರ್ಕ್ ನಾನ ಬರಿತೀನಿ, ಬಲಗೈಲೆ. ಅವನ ಮಿಸ್ ದಿನಾ ಸ್ಟಾರ್ ಹಾಕ್ತಾರ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಅವರ ಮುಖ ಸಣ್ಣಗಾಯಿತು. "ಅಷ್ಟು ಸಣ್ಣ ಕೈಗೆ ನಾಕು ಪೇಜು ಭಾಳ ಆತ್ರಿ. ನಾಳಿಂದ ಅರ್ಧ ಪೇಜು ಕೊಡ್ತೀನಿ, ಏನಾಗ್ತೈತೋ ಆಗ್ಲಿ."

ಆ ಅರ್ಧ ಪುಟವನ್ನು ಮಗಳು ಹಾಲು ಕುಡಿಯುವ ಮೊದಲೇ ಮುಗಿಸಿ, ಪಕ್ಕದ ಮನೆಯ ಮೇಕೆಮರಿಯ ಹಿಂದೆ ಓಡತೊಡಗಿದಳು. ವಾರ ಕಳೆಯುವುದರೊಳಗೆ ಶಾಲೆಯ ಗೇಟಿನ ಮುಂದೆ ಪಾಲಕರ ಗುಂಪು ಸೇರಿತು. "ಮಕ್ಕಳು ಸಂಜಿಕಿ ಬರೇ ಆಡ್ತಾವ್ರಿ! ಏನೂ ಕಲಿಸವಲ್ರು!" ಎಂದು ಹೆಡ್‌ಮಿಸ್ ಮುಂದೆ ದೂರು. ಗುಂಪಿನಲ್ಲಿ ನಾನೊಬ್ಬಳೇ ಮಿಸ್ ಪರವಾಗಿ ಮಾತಾಡಿದೆ. ಕೊನೆಗೆ ಒಂದು ಪುಟಕ್ಕೆ ರಾಜಿಯಾಯಿತು.

ಗೆದ್ದ ಹಮ್ಮಿನಲ್ಲಿ ಮಗಳ ಕೈ ಹಿಡಿದು ಮನೆಗೆ ಹೊರಟೆ. ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ನನ್ನ ಬಾಯಿ ತಾನಾಗಿಯೇ ಕೇಳಿತು: "ಪಕ್ಕದ ಸೆಕ್ಷನ್ ಮಕ್ಕಳು ಎಷ್ಟು ಪೇಜು ಬರಿತಾವ?"

"ಗೊತ್ತಿಲ್ಲ," ಎಂದಳು ಮಗಳು. "ಅವರ ಕ್ಲಾಸಿನ ಮುಂದ ಜಾರಬಂಡಿ ಐತಿ."