ನಾನು ಕತ್ತರಿಸಿದ ಅಂಚು

ಚೌಕಟ್ಟಿನ ಕೆಲಸದಲ್ಲಿ ನನ್ನಷ್ಟು ಅಚ್ಚುಕಟ್ಟು ಇಡೀ ದೋಹಾದಲ್ಲಿ ಯಾರಿಗೂ ಇಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಉಡುಪಿಯ ಒಂದು ಅಂಗಡಿಯಲ್ಲಿ ಯೇಸುವಿನ ಪಟ, ಲಕ್ಷ್ಮಿಯ ಪಟ, ಮದುವೆಯ ಫೋಟೊ ಎಲ್ಲಕ್ಕೂ ಚೌಕಟ್ಟು ಹಾಕಿ ಕೈ ಪಳಗಿಸಿಕೊಂಡವನು ನಾನು. ಹಿಂದುಗಡೆ ಒಂದು ನೂಲೂ ಹೊರಗೆ ಇಣುಕಬಾರದು, ಮಿಕ್ಕಿದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಬೇಕು ಎಂಬುದು ಅಲ್ಲಿನ ಪಾಠ. ಆ ಪಾಠ ಕಟ್ಟಿಕೊಂಡೇ ಕತಾರಿಗೆ ಬಂದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಬರ್ವಾ ಅಲ್ ಬರಾಹಾ ಎಂಬ ಕೆಲಸಗಾರರ ವಸತಿಯಲ್ಲಿ ವಾಸ.

ಜರ್ಮನ್ ಚಿತ್ರಕಾರರೊಬ್ಬರು ನಮ್ಮ ಅಂಗಡಿಗೆ ಮೊದಲ ಸಲ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಎರಡು ವರ್ಷ ಇಲ್ಲಿದ್ದು ಚಿತ್ರ ಬರೆದು ಪ್ರದರ್ಶನ ಮಾಡಿ ಎಂದು ಇಲ್ಲಿನ ಮ್ಯೂಸಿಯಮ್ಮಿನವರು ಕರೆಸಿ, ಅಲ್ ಖೋರ್‌ನಲ್ಲಿ ಕಡಲಿಗೆ ಹತ್ತಿರ ಮನೆ ಕೊಟ್ಟಿದ್ದರಂತೆ. ಹೆಂಡತಿಗೆ ಮೈ ಹುಷಾರಿರಲಿಲ್ಲ, ಆಕೆ ಎಸಿ ಹಾಕಿದ ಕಾರಿನಲ್ಲೇ ಕೂತಿರುತ್ತಿದ್ದರು. ಇವರು ಸ್ಟೂಲ್ ಎಳೆದುಕೊಂಡು, ಕರಕ್ ಚಹಾ ಕುಡಿಯುತ್ತಾ, ನನ್ನ ಕೈಯನ್ನೇ ನೋಡುತ್ತಾ ಮಾತಾಡುತ್ತಿದ್ದರು.

ಹುಟ್ಟಿದ್ದು ಯುದ್ಧದಲ್ಲಿ ಸುಟ್ಟುಹೋದ ಊರಿನಲ್ಲಂತೆ. ಕಾಗದವಿಲ್ಲ, ಬಣ್ಣವಿಲ್ಲ, ಉರಿದ ಮನೆಯ ಇದ್ದಿಲು ಹಿಡಿದು ಅದೇ ಮನೆಯ ಗೋಡೆಯ ಮೇಲೆ ಗೀಚಿದ್ದು ಮೊದಲ ಚಿತ್ರ. ದೊಡ್ಡವರಾಗಿ ಚಿತ್ರಕಲಾ ಶಾಲೆ ಸೇರಿದರೆ, ಅದು ದೇಶದ ಪೂರ್ವದ ಭಾಗ, ಕಮ್ಯುನಿಸ್ಟರ ಆಡಳಿತ, ಅಲ್ಲಿ ನಗುವ ಕೆಲಸಗಾರರನ್ನೇ ಬರೆಯಬೇಕೆಂದು ಅಪ್ಪಣೆ. ಇವರು ನಿದ್ದೆ ಹೋದ ಕೆಲಸಗಾರನನ್ನು ಬರೆದರು. ಶಾಲೆಯಿಂದ ಹೊರಗೆ ಹಾಕಿದರು. ಅದೇ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ಜೊತೆ ಗಡಿ ದಾಟಿ ಪಶ್ಚಿಮಕ್ಕೆ ಓಡಿದರು, ಈಗ ಕಾರಿನಲ್ಲಿ ಕೂತಿರುವ ಹೆಂಡತಿ ಆಕೆಯೇ. ಹಲವು ವರ್ಷ ಕಂಡವರ ಮನೆಗೆ ಸುಣ್ಣಬಣ್ಣ ಬಳಿದು ಹೊಟ್ಟೆ ಹೊರೆದರು. ಆಮೇಲೆ ಹೆಸರು ಬಂತು, ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳು ಚಿತ್ರ ಕೊಂಡವು. ಅದಾದ ಮೇಲೆ ಹೊಸಬರು ಬಂದು ಇವರನ್ನು ಮರೆಸಿದರು. ಇದನ್ನೆಲ್ಲ ಅವರು ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು.

ಚೌಕಟ್ಟು ಮುಗಿದ ಪ್ರತಿ ಚಿತ್ರವನ್ನೂ ಅವರು ಮೂಲೆಗೆ ಒಯ್ದು, ಕನ್ನಡಕ ಏರಿಸಿ, ಹಿಂಭಾಗವನ್ನು ತುಂಬಾ ಹೊತ್ತು ನೋಡುತ್ತಿದ್ದರು. ಚಿತ್ರ ಬರೆದ ಬಟ್ಟೆಯ ಒಳಕ್ಕೆ ಮಡಚಿದ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿರುತ್ತಿತ್ತು, ಅಳತೆ ಇರಬೇಕು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಪರೀಕ್ಷಿಸುತ್ತಿರುವುದು ನನ್ನ ಅಚ್ಚುಕಟ್ಟನ್ನು ಎಂದೇ ತಿಳಿದು ಒಳಗೊಳಗೇ ಉಬ್ಬುತ್ತಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಎರಡನೆಯ ಬೇಸಗೆಯಲ್ಲಿ ಅವರ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡರು. ವಾರ ಕಳೆದು ಡ್ರೈವರ್ ಒಂದು ಚಿತ್ರ ತಂದುಕೊಟ್ಟ. ಅದುವರೆಗಿನ ಚಿತ್ರಗಳು ಮರಕ್ಕೆ ಬಿಗಿದೇ ಬರುತ್ತಿದ್ದವು, ಇದು ಸುರುಳಿ ಸುತ್ತಿದ ಬರೀ ಬಟ್ಟೆ. ಬಿಡಿಸಿದರೆ ಅಲ್ ಖೋರ್‌ನ ಕಂಪನಿ ಬಸ್ಸು. ಕಿಟಕಿ ಕಿಟಕಿಗೂ ತಲೆ ಆನಿಸಿ ನಿದ್ದೆ ಹೋದ ಕೆಲಸಗಾರರು. ಅವರಲ್ಲಿ ನಾನೂ ಇದ್ದೇನೆ ಅನ್ನಿಸಿತು. ಇದಕ್ಕೆ ನನ್ನ ಕೈಯಿಂದ ಆಗುವಷ್ಟು ಚಂದ ಮಾಡಬೇಕು ಎಂದುಕೊಂಡೆ. ಮರಕ್ಕೆ ಬಿಗಿದು, ನಾಲ್ಕೂ ಕಡೆ ಮಿಕ್ಕಿದ್ದ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು, ಮೂಲೆಯ ಪೆನ್ಸಿಲ್ ಗೀಚಿನ ಸಮೇತ, ಗೆರೆ ಎಳೆದ ಹಾಗೆ ಕತ್ತರಿಸಿ ಕಸಕ್ಕೆ ಹಾಕಿದೆ.

ಮೂರನೆಯ ದಿನ ಅವರು ಬಂದರು. ಚಿತ್ರವನ್ನು ಮೂಲೆಗೆ ಒಯ್ದರು, ಕನ್ನಡಕ ಏರಿಸಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಉಳಿದ ಬಟ್ಟೆ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆಗ ಅವರೇ ಹೇಳಿ ಗೊತ್ತಾಯಿತು. ಆ ನಿದ್ದೆ ಹೋದ ಕೆಲಸಗಾರನ ಚಿತ್ರದಿಂದ ಇಲ್ಲಿಯವರೆಗೂ, ಇವರು ಬರೆದ ಪ್ರತಿ ಚಿತ್ರದ ಅಂಚಿಗೂ ಹೆಂಡತಿ ತನ್ನ ಅಭಿಪ್ರಾಯ ಬರೆಯುವುದು. ಚೌಕಟ್ಟು ಆಗುವ ತನಕ ಇವರು ಅದನ್ನು ಓದದಿರುವುದು. ಗಂಡ ಹೆಂಡಿರ ಜೀವಮಾನದ ಕಟ್ಟುಪಾಡು ಅದು. ಈ ಕೊನೆಯದನ್ನು ಇವರು ಆಸ್ಪತ್ರೆಯ ಮಂಚದ ಮೇಲೆ ಹರಡಿ, ಹೊರಗೆ ಹೋಗಿ ನಿಂತು, ಆಕೆ ಬರೆದಾದ ಮೇಲೆ ಕಣ್ಣು ಹಾಯಿಸದೆ ಸುತ್ತಿಕೊಂಡು ಬಂದಿದ್ದರು.

ಅಂಗಡಿಯ ಹಿಂದಿನ ಕಸದ ತೊಟ್ಟಿಗೆ ಓಡಿದೆವು. ಬೆಳಿಗ್ಗೆಯೇ ಲಾರಿ ಬಂದು ಖಾಲಿ ಮಾಡಿ ಹೋಗಿತ್ತು. ಅಂಗಡಿಯ ಒಡೆಯರಾದ ಬಂಟ್ವಾಳ ಕಡೆಯ ಬ್ಯಾರಿ ಸಾವ್ಕಾರ್ರು ತಲೆಯ ಮೇಲೆ ಕೈ ಹೊತ್ತರು.

"ಎಂತ ಮಾರಾಯ ನೀನು! ಕತ್ತರಿ ಹಾಕುವ ಮೊದ್ಲು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?"

"ಯಾವಾಗ್ಲೂ ಹಾಗೇ ಮಾಡುದಲ್ವಾ ಸಾವ್ಕಾರ್ರೇ..."

"ಯಾವಾಗ್ಲೂ ಅಂತೆ! ಖಲಾಸ್, ಇನ್ನೆಂತ ಉಂಟು ಹೇಳ್ಲಿಕ್ಕೆ."

ಆದರೆ ಚಿತ್ರಕಾರರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅದೇ ಸ್ಟೂಲಿನ ಮೇಲೆ ಕೂತು, "ಬರೆದದ್ದನ್ನು ನೀವು ನೋಡಿದ್ದಿರಾ?" ಎಂದರು.

"ನೋಡಿದ್ದೆ ಸರ್. ಓದಲಿಕ್ಕೆ ಬರುವುದಿಲ್ಲ."

"ಎಷ್ಟಿತ್ತು?"

ನಾನು ಕಂಡಿದ್ದು ಒಂದು ಮೂಲೆಯಲ್ಲಿ ಎರಡೇ ಎರಡು ಪದ, ನಡುಗುವ ಕೈಯ ಅಕ್ಷರ. ಪ್ರಾಣ ಬಿಡುವ ಹೆಂಡತಿ ಇಷ್ಟು ವರ್ಷ ಬಾಳಿದ ಗಂಡನಿಗೆ ಎರಡು ಪದ ಬಿಟ್ಟುಹೋದಳು ಎಂದು ಯಾವ ಬಾಯಿಂದ ಹೇಳಲಿ? ಅವರಿಗೆ ಅಷ್ಟಾದರೂ ಸಮಾಧಾನ ಸಿಗಲಿ ಎಂದು, "ತುಂಬಾ ಇತ್ತು ಸರ್. ಈ ತುದಿಯಿಂದ ಆ ತುದಿಯವರೆಗೂ" ಎಂದೆ.

ಅವರು ಚಿತ್ರದ ಅಂಚನ್ನು ಬೆರಳಿನಿಂದ ಆ ತುದಿಯವರೆಗೂ ಸವರಿದರು.

"ಮೆಚ್ಚಿದರೆ ಅವಳು ಎರಡು ಪದ ಬರೆಯುತ್ತಿದ್ದಳು. ಉದ್ದಕ್ಕೆ ಬರೆದಳೆಂದರೆ ನಾನು ಎಲ್ಲೋ ಸೋತಿದ್ದೇನೆ ಎಂದು ಲೆಕ್ಕ. ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತಿದ್ದಳು."

"ಇಲ್ಲ ಸರ್, ಸುಳ್ಳು ಹೇಳಿದೆ. ಎರಡೇ ಪದ ಇತ್ತು, ದೇವರಾಣೆ" ಎಂದೆ. ಮೂಲೆಯನ್ನು ಮುಟ್ಟಿ ತೋರಿಸಿದೆ. ಎರಡೆರಡು ಸಲ ಹೇಳಿದೆ.

ಅವರು ನಕ್ಕು, ನನ್ನ ಹೆಗಲು ತಟ್ಟಿ, "ನೀವು ಒಳ್ಳೆಯ ಮನುಷ್ಯ" ಎಂದರು.

ಆ ಚಿತ್ರವನ್ನು ಪ್ರದರ್ಶನಕ್ಕೆ ಕಳಿಸಲಿಲ್ಲ. ಅಲ್ ಖೋರ್‌ನ ಮನೆಯಲ್ಲಿ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಿಂಗಳೊಳಗೆ ತಮ್ಮ ಊರಿಗೆ ಹೊರಟುಹೋದರು ಎಂದು ಡ್ರೈವರ್ ಹೇಳಿದ. ಅಲ್ಲಿ ಮತ್ತೆ ಕುಂಚ ಹಿಡಿಯಲೇ ಇಲ್ಲವಂತೆ.

ಎರಡೇ ಪದ ಇತ್ತು. ನಾನು ಕಣ್ಣಾರೆ ನೋಡಿದ್ದೆ.